ಅಷ್ಟು ಚಿಕ್ಕ ಹುಡುಗಿಗೆ ಆಪರೇಷನ್ ಯಾಕೆ ಮಾಡಿಸಿದಿರಿ?

ಕೋಲಾರದಲ್ಲಿ ಪರಿಚಯದವರು ಯಾರೇ ಸಿಗಲಿ, ಮದುವೆ ಮನೆಯಲ್ಲಾಗಲಿ ಬಸ್ ಸ್ಟ್ಯಾಂಡಿನಲ್ಲಾಗಲಿ, ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ. "ಅಲ್ಲಾ ಅಕ್ಕಾ, ಹದಿನಾರು ವರ್ಷದ ಹೆಣ್ಣುಮಗೂಗೆ ದೊಡ್ಡ ಕರುಳೇ ತೆಗೆಸಿಬಿಟ್ರಲ್ಲಾ, ಇನ್ನೊಂದಷ್ಟು ದಿನ ಕಾಯಬಹುದಿತ್ತಲ್ವಾ?" ಇದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುವವರೂ ಇದ್ದಾರೆ. ಮಾಲೂರು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ತಾಯಂದಿರು. ನನ್ನ ಮಗಳಿಗಿದ್ದ ಅಲ್ಸರೇಟಿವ್ ಕೊಲೈಟಿಸ್ಸೇ ತಮ್ಮ ಮಗನಿಗೋ ಮಗಳಿಗೋ ಇದೆ ಅಂತ ಗೊತ್ತಾಗಿ, ಸರ್ಜನ್ ಮಾತು ಬಂದ ಕೂಡಲೇ ಕೈಕಾಲು ತಣ್ಣಗಾದವರು. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಆಪರೇಷನ್ನಿನಲ್ಲಿ ಏನು ಅಪಾಯ ಅನ್ನುವ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಕಾಯುತ್ತಾ ಕೂತರೆ ಮಗುವಿನದ್ದು ಏನೇನು ಹೋಗುತ್ತದೆ ಅನ್ನುವ ಲೆಕ್ಕ ಹಾಕುವವರು ಕಡಿಮೆ. ನಾವು ಎರಡನ್ನೂ ಹಾಕಿದೆವು.

ಕಾಯಿಲೆ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ಮೋಷನ್ ಜೊತೆ ರಕ್ತ, ಲೋಳೆ ಹೋಗುತ್ತದೆ. ಕೆಳಗಿನಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಇಡೀ ದೊಡ್ಡ ಕರುಳಿಗೆ ಹರಡಿರುವುದು ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ. ದೇಹದ ರೋಗನಿರೋಧಕ ಶಕ್ತಿ ತನ್ನ ಕರುಳಿನ ಮೇಲೇ ತಿರುಗಿಬೀಳುವ ಕಾಯಿಲೆ ಇದು. ಉಷ್ಣದಿಂದ ಬಂದದ್ದಲ್ಲ, ಖಾರ ತಿಂದು ಬಂದದ್ದೂ ಅಲ್ಲ. ನಮ್ಮ ಕಡೆ ಮಕ್ಕಳಿಗೆ ರಕ್ತ ಕಂಡರೆ ಮೊದಲು ಕಾಮಕಸ್ತೂರಿ ಬೀಜ ನೆನೆಸಿ ಕೊಡುತ್ತಾರೆ, ಆಮೇಲೆ ಪೈಲ್ಸ್ ಅನ್ನುತ್ತಾರೆ. ಅಮೀಬಾ, ಕರುಳಿನ ಟಿಬಿ ಎರಡೂ ನಮ್ಮಲ್ಲಿ ಇರುವುದರಿಂದ ಡಾಕ್ಟರು ಅವು ಅಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗಬೇಕು. ಕೊಲೊನೋಸ್ಕೋಪಿ ಮಾಡಿ ಬಯಾಪ್ಸಿ ಕಳಿಸಿದ ಮೇಲೆಯೇ ನಮಗೆ ಕಾಯಿಲೆಯ ಹೆಸರು ತಿಳಿದದ್ದು.

ಮೆಸಾಲಮೈನ್ ಮಾತ್ರೆಯಿಂದ ಶುರುವಾಯಿತು. ಅದು ಸಾಲದಾದಾಗ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್, ಅಂದರೆ ಎಲ್ಲರ ಬಾಯಲ್ಲಿರುವ ವೈಸೊಲೋನ್. ರಕ್ತ ನಿಂತು, ಮಗು ತಾನಾಗಿ ಊಟ ಕೇಳಿದಾಗ ದೇವರು ಕಣ್ಣುಬಿಟ್ಟ ಅನ್ನಿಸಿತ್ತು. ಡೋಸ್ ಇಳಿಸುತ್ತಾ ಬಂದಂತೆ ಮತ್ತೆ ರಕ್ತ. ಅಜಥಯೋಪ್ರಿನ್ ಸೇರಿಸಿದರು. ಆಮೇಲೆ ಟಿಬಿ ಪರೀಕ್ಷೆ ಮಾಡಿಸಿ ಇನ್‌ಫ್ಲಿಕ್ಸಿಮಾಬ್ ಡ್ರಿಪ್: ಮೊದಲನೆಯದಾದ ಮೇಲೆ ಎರಡನೇ ವಾರ, ಆರನೇ ವಾರ, ಅಲ್ಲಿಂದ ಎಂಟು ವಾರಕ್ಕೊಂದು. ಅದೂ ಕೆಲವು ತಿಂಗಳು ಚೆನ್ನಾಗಿ ಹಿಡಿದು ಆಮೇಲೆ ಕೈಕೊಟ್ಟಿತು. ಡೋಸ್ ಹೆಚ್ಚಿಸಿ, ಅಂತರ ಕಡಿಮೆ ಮಾಡಿಯೂ ನೋಡಿದರು. ಔಷಧಿಯಲ್ಲೇ ವರ್ಷಗಟ್ಟಲೆ ಚೆನ್ನಾಗಿರುವ ಮಕ್ಕಳೇ ಹೆಚ್ಚು. ಅಂಥವರ ಅಪ್ಪ ಅಮ್ಮ ಇದನ್ನು ಓದಿ ಹೆದರಬೇಕಾಗಿಲ್ಲ. ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ: ಯಾರೋ ನಾಟಿ ಔಷಧಿ ಕೊಡ್ತೀನಿ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ ಅಂದರು ಅಂತ ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಬೇಡಿ. ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಅಷ್ಟರಲ್ಲಿ ಕುಗ್ಗಿರುತ್ತದೆ. ದಿಢೀರನೆ ಬಿಟ್ಟರೆ ಜೀವಕ್ಕೇ ಕುತ್ತು.

ಇನ್ನು ಕಾಯುವುದರ ಲೆಕ್ಕ. ಸ್ಟೀರಾಯ್ಡ್ ಬಿಡಿಸಲಾಗದ ಆ ಕಾಲದಲ್ಲಿ ಅವಳು ಎತ್ತರ ಬೆಳೆಯುವುದು ನಿಂತೇಹೋಯಿತು. ತಂಗಿ ಅವಳನ್ನು ಮೀರಿದಳು. ರಕ್ತ ಹೋಗಿ ಹೋಗಿ ಮಹಡಿ ಹತ್ತಿದರೆ ಏದುಸಿರು. ಬೆಳಿಗ್ಗೆ ಏನೂ ತಿನ್ನದೆ ಸ್ಕೂಲಿಗೆ ಹೋಗುತ್ತಿದ್ದಳು, ಯಾಕೆಂದರೆ ತಿಂದರೆ ಓಡಬೇಕು, ಅಲ್ಲಿನ ಶೌಚಾಲಯದ ಬೀಗದ ಕೈ ಸ್ಟಾಫ್ ರೂಮಿನಲ್ಲಿರುತ್ತಿತ್ತು. ನೀರನ್ನೂ ಕುಡಿಯುತ್ತಿರಲಿಲ್ಲ. ಸಂಜೆ ಬಂದವಳು ಚಪ್ಪಲಿ ಬಿಡುವಷ್ಟೂ ತಾಳದೆ ಒಳಗೆ ನುಗ್ಗುತ್ತಿದ್ದಳು. ಸ್ಕೂಲ್ ಬ್ಯಾಗಿನ ತಳದಲ್ಲಿ ಯಾವಾಗಲೂ ಒಂದು ಪ್ಯಾಂಟು, ಪ್ಯಾಡು, ಗಂಟು ಹಾಕಿದ ಪ್ಲಾಸ್ಟಿಕ್ ಕವರು. ಸ್ನೇಹಿತೆಯರ ಜೊತೆ ಅಂತರಗಂಗೆ ಬೆಟ್ಟ ಹತ್ತುವುದು ನಿಂತಿತು. ಬೆಂಗಳೂರಿಗೆ ನಾನ್‌ಸ್ಟಾಪ್ ಬಸ್ಸು ಅಂದರೆ ಅಳುತ್ತಿದ್ದಳು. ಕಾಯಿರಿ ಅನ್ನುವವರ ಕಣ್ಣಿಗೆ ಇದು ಬೀಳುತ್ತಿರಲಿಲ್ಲ. ಸ್ಟೀರಾಯ್ಡ್‌ಗೆ ಊದಿದ ಕೆನ್ನೆ ನೋಡಿ "ಮೈ ಕೈ ತುಂಬಿಕೊಂಡಿದ್ದಾಳೆ, ಏನಾಗಿದೆ ಅವಳಿಗೆ?" ಅನ್ನುತ್ತಿದ್ದರು.

ನಮ್ಮ ಡಾಕ್ಟರು ಒಂದು ಒಳ್ಳೆಯ ಅಭ್ಯಾಸ ಕಲಿಸಿದ್ದರು. ಮಕ್ಕಳ ಈ ಕಾಯಿಲೆಗೆ ಪುಕಾಯ್ ಅನ್ನುವ ಅಂಕಪಟ್ಟಿ ಇದೆ. ಹೊಟ್ಟೆನೋವು, ರಕ್ತ, ಮೋಷನ್ ಎಷ್ಟು ಗಟ್ಟಿ, ದಿನಕ್ಕೆ ಎಷ್ಟು ಸಲ, ರಾತ್ರಿ ಎದ್ದಳಾ, ದಿನದ ಕೆಲಸ ಮಾಡಲು ಆಯಿತಾ, ಇಷ್ಟೇ ಪ್ರಶ್ನೆ. ಒಟ್ಟು 85. 10ಕ್ಕಿಂತ ಕೆಳಗಿದ್ದರೆ ಕಾಯಿಲೆ ಹತೋಟಿಯಲ್ಲಿದೆ, 65 ಮುಟ್ಟಿದರೆ ತೀವ್ರ. ಇದಕ್ಕೆ ರಕ್ತಪರೀಕ್ಷೆಯೂ ಬೇಡ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತಾ ಬಂದೆ. ತಿಂಗಳುಗಳ ಹಾಳೆ ತಿರುವಿದಾಗ 10ಕ್ಕಿಂತ ಕೆಳಗಿನ ಅಂಕ ಸಿಕ್ಕಿದ್ದೆಲ್ಲ ಸ್ಟೀರಾಯ್ಡ್ ಜಾಸ್ತಿ ಇದ್ದ ದಿನಗಳಲ್ಲೇ. ಅವಳ ಅಪ್ಪ ಅಲ್ಲಿಯವರೆಗೂ ಆಪರೇಷನ್ ಬೇಡವೇ ಬೇಡ ಅನ್ನುತ್ತಿದ್ದವರು, ಆ ಹಾಳೆಗಳನ್ನು ತಿರುವಿ ನೋಡಿ ಸುಮ್ಮನೆ ಕೂತುಬಿಟ್ಟರು.

ಸರ್ಜನ್ನರನ್ನು ಮೊದಲ ಸಲ ಎಮರ್ಜೆನ್ಸಿ ವಾರ್ಡಿನಲ್ಲಿ ನೋಡುವ ಹಾಗಾಗಬಾರದು. ಕಾಯಿಲೆ ತೀವ್ರವಾಗಿ ಕೆರಳಿದರೆ ಅಡ್ಮಿಟ್ ಮಾಡಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಡುತ್ತಾರೆ. ಮೂರನೇ ದಿನ, ಐದನೇ ದಿನ ಅಂಕ ನೋಡಿ ಮುಂದಿನ ಔಷಧಿ ನಿರ್ಧಾರವಾಗುತ್ತದೆ. ಅದೂ ಕೆಲಸ ಮಾಡದಿದ್ದರೆ ಆಪರೇಷನ್ನೇ. ಕರುಳು ಊದಿ ತೂತಾಗುವ ಹಂತಕ್ಕೆ ಬಂದರೆ ಯೋಚಿಸಲು ಗಂಟೆಗಳೂ ಇರುವುದಿಲ್ಲ. ಮಗು ಸೊರಗಿ, ರಕ್ತ ಕಡಿಮೆಯಾಗಿ, ಮೈತುಂಬ ಸ್ಟೀರಾಯ್ಡ್ ಇರುವಾಗ ಹೊಲಿಗೆ ಮಾಗುವುದೂ ಕಷ್ಟ, ಸೋಂಕೂ ಬೇಗ ತಗಲುತ್ತದೆ. ಆದ್ದರಿಂದ ಔಷಧಿ ಇನ್ನೂ ನಡೆಯುತ್ತಿರುವಾಗಲೇ ಸರ್ಜನ್ ಹತ್ತಿರ ಕೂತು ಮಾತಾಡಿ. ಮಾತಾಡಿದ ಮಾತ್ರಕ್ಕೆ ಒಪ್ಪಿದ ಹಾಗಲ್ಲ.

ಆ ಮಾತುಕತೆಗೆ ಮಗಳನ್ನು ಒಳಗೇ ಕೂರಿಸಿಕೊಂಡೆವು. ಸಹಿ ನಮ್ಮದು, ಹೊಟ್ಟೆ ಅವಳದು. ಕರುಳು ತೆಗೆದ ಮೇಲೆ ಮಲ ಹೊಟ್ಟೆಯ ಮೇಲೆ ಅಂಟಿಸಿದ ಬ್ಯಾಗಿಗೆ ಬೀಳುತ್ತದೆ ಅಂತ ಕೇಳಿ ಅವಳು ಮೊದಲು ಹೇಳಿದ್ದು "ಬ್ಯಾಗ್ ಹಾಕ್ತಾರಂದ್ರೆ ನಾನು ಸತ್ತೇ ಹೋಗ್ತೀನಿ" ಅಂತ. ಆಸ್ಪತ್ರೆಯ ನರ್ಸೊಬ್ಬರು ಬ್ಯಾಗ್ ಇರುವ ಒಬ್ಬ ಕಾಲೇಜು ಹುಡುಗಿಯನ್ನು, ಅವಳನ್ನು ಕೇಳಿ, ಒಪ್ಪಿಸಿ ಕರೆಸಿದರು. ನಮ್ಮನ್ನು ಹೊರಗೆ ಕಳಿಸಿ ಇಬ್ಬರೂ ಬಾಗಿಲು ಹಾಕಿಕೊಂಡರು. ಏನು ಮಾತಾಡಿಕೊಂಡರೋ ಇವತ್ತಿಗೂ ನನಗೆ ಹೇಳಿಲ್ಲ. ಹೊರಗೆ ಬಂದವಳು "ಅಮ್ಮ, ಪರೀಕ್ಷೆ ಮುಗಿದ ಮೇಲೆ ಮಾಡಿಸೋಣ" ಅಂದಳು. ಡಾಕ್ಟರೂ ಒಪ್ಪಿದರು.

ದೊಡ್ಡ ಕರುಳಿಲ್ಲದೆ ಬದುಕುವುದು ಹೇಗೆ ಅಂತ ಕೇಳುತ್ತಾರೆ. ಊಟ ಜೀರ್ಣವಾಗಿ ಸತ್ವ ಸೇರುವುದು ಸಣ್ಣ ಕರುಳಿನಲ್ಲಿ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು, ಉಪ್ಪು ಹೀರುವುದು. ಅವಳು ಸ್ಟೀರಾಯ್ಡ್ ಮೇಲಿದ್ದದ್ದರಿಂದ ಮೂರು ಹಂತ ಮಾಡಿದರು. ಮೊದಲು ದೊಡ್ಡ ಕರುಳು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಬ್ಯಾಗ್. ಮೈ ಚೇತರಿಸಿಕೊಂಡ ಮೇಲೆ ಸಣ್ಣ ಕರುಳಿನ ಕೊನೆಯ ಭಾಗವನ್ನೇ ಮಡಿಸಿ ಜೆ ಆಕಾರದ ಚೀಲ ಹೊಲಿದು ಕೆಳಗೆ ಜೋಡಿಸುವುದು. ಆ ಜೋಡಣೆ ಮಾಗಿದ ಮೇಲೆ ಹೊಟ್ಟೆಯ ಮೇಲಿನ ದಾರಿ ಮುಚ್ಚಿ ಬ್ಯಾಗ್ ತೆಗೆಯುವುದು. ಇದು ಪ್ರಯೋಗವೇನಲ್ಲ. ಇಂಥ ಚೀಲದ ವಿಧಾನವನ್ನು ಲಂಡನ್ನಿನಲ್ಲಿ ಪಾರ್ಕ್ಸ್ ಮತ್ತು ನಿಕಲ್ಸ್ ಅನ್ನುವ ಸರ್ಜನ್ನರು 1978ರಲ್ಲೇ ಪ್ರಕಟಿಸಿದ್ದರು.

ಹೊಟ್ಟೆಯ ಮೇಲಿನ ಆ ಕರುಳಿನ ತುದಿ ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಮೊದಲ ವಾರಗಳಲ್ಲಿ ಅದು ಕುಗ್ಗುತ್ತಾ ಹೋಗುವುದರಿಂದ ಪ್ರತಿ ಸಲ ಅಳತೆ ತೆಗೆದು ಅಂಟುವ ಪ್ಲೇಟಿನ ರಂಧ್ರ ಕತ್ತರಿಸಬೇಕು. ಸ್ವಲ್ಪ ದೊಡ್ಡದಾದರೂ ಸುತ್ತಲ ಚರ್ಮ ಸುಟ್ಟ ಹಾಗೆ ಉರಿಯುತ್ತದೆ. ಬೆಳಿಗ್ಗೆ ಹೊಟ್ಟೆ ಖಾಲಿ ಇರುವಾಗ ಬದಲಾಯಿಸಿದರೆ ಸಲೀಸು. ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಬೇಕು. ಏಪ್ರಿಲ್ ಬಿಸಿಲಿಗೆ ಬೆವರಿ ಅಂಟು ಬಿಡುತ್ತಿತ್ತು, ಉಪ್ಪು ನೀರು ಜಾಸ್ತಿ ಹೋಗುತ್ತಿತ್ತು, ಓಆರ್‌ಎಸ್ ಸದಾ ಕೈಯಲ್ಲೇ.

ಊಟದ್ದೇ ದೊಡ್ಡ ತಲೆನೋವಾಗಿತ್ತು. ಎಲ್ಲವನ್ನೂ ಚೆನ್ನಾಗಿ ಅಗಿದು ತಿನ್ನಬೇಕು ಅಂದರು ಡಯಟಿಷಿಯನ್. ನಾವು ಮುದ್ದೆ ನುಂಗುವ ಜನ! ಮೊದಮೊದಲು ಮೆತ್ತಗಿನ ಅನ್ನ, ಮೊಸರು, ಗಂಜಿ. ಆಮೇಲೆ ಕೇಳಿಕೊಂಡು ರಾಗಿ ಅಂಬಲಿ, ಆಮೇಲೆ ನಿಂಬೆಹಣ್ಣಿನಷ್ಟು ಮುದ್ದೆ. ಮುದ್ದೆಗಿಂತ ಅದರ ಜೊತೆಗಿನದ್ದೇ ಹೆಚ್ಚು ತೊಂದರೆ ಮಾಡುವುದು: ಸೊಪ್ಪಿನ ನಾರು, ಕಡಲೆಕಾಯಿ, ಜೋಳ, ಅವರೆಕಾಳಿನ ಸಿಪ್ಪೆ. ಇವು ಆ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡರೆ ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ಹಿಂಡುತ್ತದೆ, ಆಗ ಆಸ್ಪತ್ರೆಗೆ ಓಡಬೇಕು. ಅವರೆ ಕಾಲ ಬಂದಾಗ ಅವಳ ಅಜ್ಜಿ ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ, ಸಿಪ್ಪೆ ಉಳಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಬೇಳೆಯ ಸಾರನ್ನು ನುಣ್ಣಗೆ ಮಾಡಿ ಕೊಟ್ಟರು. ಆಪರೇಷನ್ ಬೇಡ ಅಂತ ಎಲ್ಲರಿಗಿಂತ ಜೋರಾಗಿ ಅತ್ತವರೂ ಅವರೇ.

"ಮದುವೆ, ಮಕ್ಕಳು?" ಅಂತ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಇದನ್ನು ಸರ್ಜನ್ ಹತ್ತಿರ ನೇರವಾಗಿ ಕೇಳಿದ್ದು ಮಗಳೇ. ಅವರೂ ಮುಚ್ಚಿಡಲಿಲ್ಲ. ಕೆಳಹೊಟ್ಟೆಯಲ್ಲಿ ಚೀಲ ಜೋಡಿಸಿದಾಗ ಗರ್ಭನಾಳದ ಸುತ್ತ ಅಂಟಿಕೊಳ್ಳುವಿಕೆ ಆಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಬಹುದು, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಆ ಅಪಾಯ ಕಡಿಮೆ. ಮೊದಲ ಹಂತಕ್ಕೇ ನಿಂತು, ಮಕ್ಕಳಾದ ಮೇಲೆ ಚೀಲ ಮಾಡಿಸಿಕೊಳ್ಳುವ ಹೆಣ್ಣುಮಕ್ಕಳೂ ಇದ್ದಾರೆ. ಬೇಕಾದರೆ ಐವಿಎಫ್ ಇದೆ. ಎಲ್ಲ ಕೇಳಿಸಿಕೊಂಡು, ತಿಂಗಳುಗಟ್ಟಲೆ ಯೋಚಿಸಿ, ಚೀಲ ಬೇಕು ಅಂತ ಅವಳು ತೀರ್ಮಾನ ಮಾಡಿದಳು. ಬೇರೆ ಹುಡುಗಿ ಬೇರೆ ತೀರ್ಮಾನ ಮಾಡಿದರೆ ಅದೂ ಸರಿಯೇ. ಆದರೆ ಈ ವಿಷಯವನ್ನು ಅವಳಿಂದ ಮುಚ್ಚಿಟ್ಟು ದೊಡ್ಡವರೇ ಮುಗಿಸಬೇಡಿ.

ಇದರ ಹಾಗೇ ಕಾಣುವ ಕ್ರೋನ್ಸ್ ಅನ್ನುವ ಇನ್ನೊಂದು ಕರುಳಿನ ಕಾಯಿಲೆ ಇರುವ ಮಕ್ಕಳಿಗೆ ನನ್ನ ಈ ಉತ್ತರ ಹೊಂದುವುದಿಲ್ಲ. ಅದು ಸಣ್ಣ ಕರುಳಿಗೂ ಬರುವ ಕಾಯಿಲೆ, ಕತ್ತರಿಸಿದರೆ ಮುಗಿಯುವುದಿಲ್ಲ. ಹಾಗಾಗಿ ಎರಡರಲ್ಲಿ ಯಾವುದು ಅಂತ ಖಚಿತ ಮಾಡಿಕೊಳ್ಳದೆ ಚೀಲದ ಮಾತಿಗೆ ಹೋಗಬೇಡಿ. ಹಣದ ವಿಚಾರಕ್ಕೆ ಬಂದರೆ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ವಿಚಾರವನ್ನು ಅಡ್ಮಿಟ್ ಆಗುವ ಮುಂಚೆಯೇ ಕೇಳಿಕೊಳ್ಳಿ. ಬ್ಯಾಗಿನ ಖರ್ಚು ತಿಂಗಳು ತಿಂಗಳೂ ಬರುತ್ತದೆ, ಅದನ್ನೂ ಎತ್ತಿಡಿ.

ಈಗ ಅವಳು ದಿನಕ್ಕೆ ಐದಾರು ಸಲ ಹೋಗುತ್ತಾಳೆ, ಕೆಲವು ರಾತ್ರಿ ಒಮ್ಮೆ ಏಳುತ್ತಾಳೆ. ಒಮ್ಮೆ ಚೀಲಕ್ಕೇ ಉರಿಯೂತ ಬಂದಿತ್ತು, ಪೌಚೈಟಿಸ್ ಅನ್ನುತ್ತಾರೆ, ತುಂಬ ಜನಕ್ಕೆ ಬರುತ್ತದೆ, ಆ್ಯಂಟಿಬಯಾಟಿಕ್‌ಗೆ ಹೋಯಿತು. ರಕ್ತದಲ್ಲಿ ವಿಟಮಿನ್ ಬಿ12 ಆಗಾಗ ನೋಡಿಸುತ್ತೇವೆ. ವೈಸೊಲೋನ್ ಇಲ್ಲ. ಬೆಳಿಗ್ಗೆ ತಿಂಡಿ ತಿಂದೇ ಕಾಲೇಜಿಗೆ ಹೋಗುತ್ತಾಳೆ. ಇದೇ ಕಾಯಿಲೆಯ ಹೆಣ್ಣುಮಕ್ಕಳು ಯಾರಾದರೂ ಬ್ಯಾಗ್ ವಿಚಾರ ಕೇಳಬೇಕು ಅಂದರೆ ಮಾತಾಡಲು ತಯಾರಿದ್ದಾಳೆ, ಅಪ್ಪ ಅಮ್ಮ ಹೊರಗೆ ಕೂರುವುದಾದರೆ.