ವಿದ್ಯಾನಗರದ ಆಚೆಯ ಮನೆ: ಒಂಬತ್ತು ವರ್ಷದ ಬಾಡಿಗೆ ಲೆಕ್ಕ

ದಾವಣಗೆರೆಯ ವಿದ್ಯಾನಗರದಿಂದ ಸ್ವಲ್ಪ ಆಚೆ, 30x40 ನಿವೇಶನದಲ್ಲಿ ಕೆಳಗೊಂದು ಮೇಲೊಂದು ಮನೆಯಿದ್ದ ಕಟ್ಟಡವನ್ನು ನಾನು 2016ರಲ್ಲಿ 62 ಲಕ್ಷ ರೂಪಾಯಿಗೆ ಕೊಂಡೆ. ನಾವು ಇರುವುದು ತಂದೆಯವರ ಕಾಲದ ಹಳೆಯ ಮನೆಯಲ್ಲಿ; ಹೊಸದನ್ನು ಕೊಂಡದ್ದು ಬಾಡಿಗೆಗೆ ಕೊಡುವುದಕ್ಕೆಂದೇ. ಬಾಡಿಗೆಯ ದುಡ್ಡಿನಲ್ಲಿ ಸಾಲದ ಕಂತು ತೀರುತ್ತದೆ ಎಂದು ಕೊಳ್ಳುವ ಮುಂಚೆ ಮನೆಯವರೆಲ್ಲರಿಗೂ ಹೇಳಿದ್ದೆ. ಆ ಮಾತು ಎಷ್ಟು ಪೊಳ್ಳಾಗಿತ್ತು ಎಂಬುದನ್ನು ಈಚೆಗೆ ಮನೆ ಕೊಳ್ಳಲು ಹೊರಟ ಸಹೋದ್ಯೋಗಿಯೊಬ್ಬರಿಗೆ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಬೆಲೆ 62 ಲಕ್ಷವಾದರೆ ಖರ್ಚು 62 ಲಕ್ಷಕ್ಕೆ ನಿಲ್ಲುವುದಿಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ ಐದು, ಅದರ ಮೇಲಿನ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ 5.6, ನೋಂದಣಿ ಶುಲ್ಕ ಒಂದು, ಹೀಗೆ ನೋಂದಣಿಯ ದಿನ ನಾನು ಕಟ್ಟಿದ್ದು 4,09,200 ರೂಪಾಯಿ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ನೂರಕ್ಕೆ ಎರಡಕ್ಕೆ ಏರಿಸಿರುವುದರಿಂದ ಅದೇ ಬೆಲೆಗೆ ಇಂದು ಕೊಳ್ಳುವವರು 4,71,200 ರೂಪಾಯಿ ಕಟ್ಟಬೇಕಾಗುತ್ತದೆ. ಬ್ಯಾಂಕಿನಿಂದ ತಂದ 40 ಲಕ್ಷಕ್ಕೆ ಆಗಿನ ಬಡ್ಡಿ ನೂರಕ್ಕೆ ಒಂಬತ್ತೂವರೆ, ಅವಧಿ ಇಪ್ಪತ್ತು ವರ್ಷ, ತಿಂಗಳ ಕಂತು 37,300ರ ಆಸುಪಾಸು. ಕೆಳಮನೆಗೆ ಬಂದ ಬಾಡಿಗೆ 9,000, ಮೇಲ್ಮನೆಗೆ 7,500, ಒಟ್ಟು 16,500. ಅಂದರೆ ಕಂತಿನ ಅರ್ಧವೂ ಅಲ್ಲ. ವರ್ಷಕ್ಕೆ 1,98,000 ರೂಪಾಯಿ ಎಂದರೆ ಹಾಕಿದ 66 ಲಕ್ಷಕ್ಕೆ ನೂರಕ್ಕೆ ಮೂರರ ಹುಟ್ಟುವಳಿ. ಮನೆ ಒಂದು ತಿಂಗಳೂ ಖಾಲಿ ಬೀಳದಿದ್ದರೆ ಮಾತ್ರ ಅಷ್ಟು. ಪಾಲಿಕೆಯ ಕಂದಾಯ, ಸುಣ್ಣಬಣ್ಣ, ಸುಟ್ಟುಹೋದ ಮೋಟಾರನ್ನು ಮತ್ತೆ ಸುತ್ತಿಸಿದ್ದು ಎಲ್ಲ ಕಳೆದು ಮೊದಲ ವರ್ಷ ಕೈಯಲ್ಲಿ ಉಳಿದದ್ದು ಒಂದು ಲಕ್ಷದ ಅರವತ್ತು ಸಾವಿರದಷ್ಟು.

ಹಾಗಾದರೆ ಕೊಂಡದ್ದು ತಪ್ಪೇ ಎಂದು ಸಹೋದ್ಯೋಗಿ ಕೇಳಿದರು. ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಬೆಲೆ ಏರುವುದು ನಿವೇಶನಕ್ಕೆ, ಕಟ್ಟಡಕ್ಕಲ್ಲ. ಕಟ್ಟಡ ವರ್ಷ ವರ್ಷ ಹಳತಾಗುತ್ತ ಖರ್ಚನ್ನೇ ಕೇಳುತ್ತದೆ. ಬಾಡಿಗೆದಾರರು ಇದ್ದಷ್ಟು ದಿನ ಆ ಖರ್ಚು ಹೊರಗಿನಿಂದ ಹುಟ್ಟುತ್ತದೆ, ಮನೆಯೂ ಪಾಳು ಬೀಳುವುದಿಲ್ಲ. ಆಸ್ತಿಯ ಬೆಲೆಯೆಲ್ಲ ನೆಲದಲ್ಲಿದೆ ಎಂದ ಮೇಲೆ, ಆ ನೆಲದ ಕಾಗದಗಳನ್ನು ನೋಡುವುದಕ್ಕೆ ಟೈಲ್ಸ್ ಮತ್ತು ಮಾಡ್ಯುಲರ್ ಅಡುಗೆಮನೆಯನ್ನು ನೋಡುವುದಕ್ಕಿಂತ ಹತ್ತು ಪಟ್ಟು ಹೊತ್ತು ಕೊಡಬೇಕು. ನಾನು ಮಾಡಿದ್ದು ಇದರ ತಿರುವುಮುರುವು.

ನಮಗೆ ಮಾರಿದವರ ತಂದೆ ಆ ನಿವೇಶನವನ್ನು ಸ್ವಂತ ದುಡಿಮೆಯಿಂದ ಕೊಂಡಿದ್ದರು. ಅವರು ಉಯಿಲು ಬರೆಯದೆ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರಿಗೆ ಬರುವ ಖಾತೆ, ನಮಗೆ ಮಾರಿದ ಮಗನ ಹೆಸರಿಗೆ ಆಗಿತ್ತು. ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದ್ದೆವು, ಅದರಲ್ಲಿ ಅಡಮಾನವಾಗಲಿ ಬೇರೆ ಕ್ರಯವಾಗಲಿ ಇರಲಿಲ್ಲ. ಕಂದಾಯ ರಸೀದಿಗಳೂ ಅವರ ಹೆಸರಿನಲ್ಲೇ ಇದ್ದವು. ಎಲ್ಲ ಸರಿಯಿದೆ ಎಂದುಕೊಂಡು ಐದು ಲಕ್ಷ ಮುಂಗಡ ಕೊಟ್ಟು ಕರಾರು ಬರೆಸಿದೆ. ಆಮೇಲೆ ವಕೀಲರು ವಂಶವೃಕ್ಷ ತರಿಸಿ ನೋಡಿದರೆ ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಖಾತೆ ಯಾರ ಹೆಸರಿಗಿದೆ ಎಂಬುದು ಕಂದಾಯ ಯಾರು ಕಟ್ಟಬೇಕು ಎಂಬುದನ್ನು ಹೇಳುತ್ತದೆಯೇ ಹೊರತು ಮಾಲೀಕರು ಯಾರು ಎಂಬುದನ್ನಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿಲ್ಲದ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿತು. ಇದ್ಯಾವುದೂ ಇ.ಸಿ.ಯಲ್ಲಿ ಬರುವುದಿಲ್ಲ, ಏಕೆಂದರೆ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಅದು ತೋರಿಸುತ್ತದೆ.

ಮಾರಿದವರ ಕಿರಿಯ ಸಹೋದರಿಯನ್ನು ಜಗಳೂರು ಕಡೆಯ ಊರಿನಿಂದ ವಕೀಲರ ಕಚೇರಿಗೆ ಕರೆಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡು ಕರಡು ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ ಕೆಳಗಿಟ್ಟು, "ದುಡ್ಡಿನ ಮಾತಲ್ರೀ ಸರ. ಅಪ್ಪನ ಜಾಗ ಮಾರ್ತೀವಿ ಅಂತ ನಮ್ಮಣ್ಣ ನನಗೊಂದು ಮಾತು ಹೇಳಬಾರದಿತ್ತಾ?" ಎಂದರು. ಅಣ್ಣ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ಸಹೋದರಿಯರಿಬ್ಬರಿಂದ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಳ್ಳುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ನನ್ನ ಐದು ಲಕ್ಷ ಮಾರುವವರ ಕೈಯಲ್ಲಿಯೂ ನನ್ನ ನಿದ್ದೆ ನ್ಯಾಯಾಲಯದ ಮೆಟ್ಟಿಲ ಮೇಲೂ ಇದ್ದವು. ಆದ್ದರಿಂದ ಮೊದಲು ವಂಶವೃಕ್ಷ ನೋಡಬೇಕು, ಮುಂಗಡದ ಮಾತು ಆಮೇಲೆ.

ಬ್ಯಾಂಕು ಸಾಲ ಮಂಜೂರು ಮಾಡಿದೆ, ಹಾಗಾಗಿ ಕಾಗದಗಳು ಸರಿಯಿರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗಿದೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕೆ ಆಸ್ತಿ ಸಾಕಾಗುತ್ತದೆಯೇ ಎಂದು. ನಿಮ್ಮ ಪರವಾಗಿ ನೋಡಲು ನಿಮ್ಮದೇ ವಕೀಲರು ಬೇಕು.

ಚೆಕ್ಕುಬಂದಿಯನ್ನು, ಅಂದರೆ ನಿವೇಶನದ ನಾಲ್ಕೂ ಬದಿಯ ಗಡಿಯನ್ನು, ಕ್ರಯಪತ್ರದಲ್ಲಿ ಓದಿ ಸುಮ್ಮನಾಗದೆ ಟೇಪು ಹಿಡಿದು ಅಳೆಯಬೇಕು. ನಮ್ಮ ನಿವೇಶನದ ಪೂರ್ವದ ಬದಿ ಸರಿಯಾಗಿ 30 ಅಡಿ ಇತ್ತು, ಪಶ್ಚಿಮದ ಬದಿ 29 ಅಡಿ 4 ಅಂಗುಲ. ಉಳಿದ ಎಂಟು ಅಂಗುಲ ಪಕ್ಕದವರ ಕಾಂಪೌಂಡಿನೊಳಗೆ ಸೇರಿಕೊಂಡಿತ್ತು. ಜಗಳವಾಡದೆ, ಇದ್ದ ಅಳತೆಯನ್ನೇ ಪತ್ರದಲ್ಲಿ ಬರೆಸಿ, ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಂಡೆ. ಊರಿನ ಅಂಚಿನಲ್ಲಿ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹೊಲವನ್ನು ಭೂಪರಿವರ್ತನೆ ಮಾಡಿಸದೆ, ನಗರಾಭಿವೃದ್ಧಿ ಪ್ರಾಧಿಕಾರವಾದ ದೂಡಾದಿಂದ ಬಡಾವಣೆಯ ನಕ್ಷೆಗೆ ಅನುಮೋದನೆ ಪಡೆಯದೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರುವ ನಿವೇಶನಗಳು ಅಗ್ಗವಾಗಿ ಕಾಣುತ್ತವೆ. 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ನೋಂದಣಿ ಆಗುವುದಿಲ್ಲ. ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡುವ ಕೆಲಸ 2025ರಲ್ಲಿ ನಡೆಯಿತಾದರೂ, ಅದರಿಂದ ಕಂದಾಯ ಕಟ್ಟಲು ದಾರಿಯಾಯಿತೇ ವಿನಾ ಅನಧಿಕೃತ ಬಡಾವಣೆ ಅಧಿಕೃತ ಬಡಾವಣೆಯಾಗಲಿಲ್ಲ. ಪಂಚಾಯಿತಿ ವ್ಯಾಪ್ತಿಯದಾದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆಗಳನ್ನು ಕೇಳಿ ಪಡೆಯಬೇಕು.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ನೂರಕ್ಕೆ ಒಂದನ್ನು ಕೊಳ್ಳುವವರೇ ಹಿಡಿದುಕೊಂಡು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ನನ್ನ ಲೆಕ್ಕದಲ್ಲಿ ಅದು 62,000. ಇದನ್ನು ಮರೆತವರಿಗೆ ವರ್ಷಗಳ ಮೇಲೆ ನೋಟಿಸು ಬಂದದ್ದನ್ನು ನೋಡಿದ್ದೇನೆ.

ಇನ್ನು ಬಾಡಿಗೆಯ ಮಾತು. ಒಂದು ಕಾಲಕ್ಕೆ ಈ ಊರಿನ ವಠಾರಗಳನ್ನು ತುಂಬುತ್ತಿದ್ದವರು ಹತ್ತಿ ಗಿರಣಿಗಳ ಕೆಲಸಗಾರರು. ಗಿರಣಿಗಳು ಮುಚ್ಚಿದ ಮೇಲೆ ಆ ಜಾಗಕ್ಕೆ ಬಂದವರು ಕಾಲೇಜು ಮತ್ತು ಆಸ್ಪತ್ರೆಗಳ ಜನ. ನಮ್ಮ ಕಡೆ ಮನೆ ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಅಧ್ಯಾಪಕರು, ನರ್ಸುಗಳು, ಮಕ್ಕಳನ್ನು ಓದಿಸುವುದಕ್ಕೆಂದು ಹರಪನಹಳ್ಳಿ, ಚನ್ನಗಿರಿಯಂಥ ಊರುಗಳಿಂದ ಬಂದ ತಾಯಂದಿರು. ಇವರು ಮಾರ್ಬಲ್ಲಿಗೆ ಮರುಳಾಗುವವರಲ್ಲ. ಮೊದಲು ಕೇಳುವುದು ನೀರನ್ನು. ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಆದ್ದರಿಂದ ಸಂಪು ಎಷ್ಟು ಲೀಟರಿನದು ಎಂಬುದೇ ಮನೆಯ ಯೋಗ್ಯತೆ. ಎರಡೂ ಮನೆಗೆ ಒಂದೇ ಸಂಪು, ಒಂದೇ ಮೋಟಾರು ಇದ್ದ ಮೊದಲ ಬೇಸಿಗೆಯಲ್ಲಿ ಕೆಳಗಿನವರಿಗೂ ಮೇಲಿನವರಿಗೂ ನಡೆದ ಜಗಳಗಳನ್ನು ಬಿಡಿಸಿದ್ದು ಸಾಕಾಗಿ, ತಾರಸಿಯಲ್ಲಿ ಎರಡು ತೊಟ್ಟಿ ಇಡಿಸಿ ಪೈಪು ಬೇರೆ ಮಾಡಿಸಿದೆ.

ವಿದ್ಯುತ್ ಮೀಟರಿನದೂ ಇದೇ ಕಥೆ. ಮೊದಲು ಕಟ್ಟಡಕ್ಕೆಲ್ಲ ಒಂದೇ ಮೀಟರಿತ್ತು. ಬೆಸ್ಕಾಂನಲ್ಲಿ ಅರ್ಜಿ ಹಾಕಿ ಮೇಲ್ಮನೆಗೆ ಬೇರೆ ಆರ್.ಆರ್. ಸಂಖ್ಯೆ (ಸಂಪರ್ಕ ಸಂಖ್ಯೆ) ಮಾಡಿಸಿದ್ದು 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ವರವಾಯಿತು, ಏಕೆಂದರೆ ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಅದರ ಸೌಲಭ್ಯ ಪಡೆಯಬಹುದು. ಆದರೆ ಮನೆ ಬಿಟ್ಟು ಹೋಗುವವರು ಆಧಾರ್ ಜೋಡಣೆಯನ್ನು ತೆಗೆಸದೆ ಹೋದರೆ ಹೊಸಬರು ಪರದಾಡುತ್ತಾರೆ. ಈಗ ಮುಂಗಡ ಹಿಂತಿರುಗಿಸುವ ಮುಂಚೆ ನಾನು ಮಾಡಿಸಿಕೊಳ್ಳುವ ಕೆಲಸಗಳಲ್ಲಿ ಇದೂ ಒಂದು.

ಕಟ್ಟಡದ ರಿಪೇರಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಬಚ್ಚಲು. ಕೆಳಮನೆಯ ಬಚ್ಚಲಿನ ಛಾವಣಿಯಲ್ಲಿ ಅಂಗೈಯಗಲ ಒದ್ದೆ ಕಾಣಿಸಿ, ಒಣಗಿ, ಉಪ್ಪು ಬಿಟ್ಟಂತೆ ಬೆಳ್ಳಗಾಗಿತ್ತು. ಪೇಂಟರ್ ಬಂದು ಬಳಿದು ಹೋದರು, ಮೂರು ತಿಂಗಳಲ್ಲಿ ಅದೇ ಕಲೆ ಎರಡರಷ್ಟಾಯಿತು. ಕೊನೆಗೆ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಮೇಲ್ಮನೆಯ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತ ಬೆರಳಾಡಿಸಿ, ಟೈಲ್ಸಿನ ಸಂದಿಯಲ್ಲಿ ಕಡ್ಡಿ ಇಳಿಸಿ ತೋರಿಸಿದರು. ಕಡ್ಡಿ ಅರ್ಧ ಒಳಗೆ ಹೋಯಿತು. ನಾಲ್ಕು ಟೈಲ್ಸ್ ಕಿತ್ತು, ಟ್ರ್ಯಾಪನ್ನು ಮತ್ತೆ ಕೂರಿಸಿ, ಸಂದಿ ತುಂಬಿಸಿದ ಮೇಲೆ ನೀರು ನಿಂತಿತು. ಹಳೆಯ ಮನೆ ಕೊಳ್ಳುವವರು ಬಚ್ಚಲಿನ ಕೆಳಗಿನ ಛಾವಣಿಯನ್ನು ನೋಡದೆ ಹೊರಗೆ ಬರಬಾರದು. ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಇನ್ನೂ ಹತ್ತಿರದಿಂದ ನೋಡಬೇಕು.

ಕರಾರು ಹನ್ನೊಂದು ತಿಂಗಳಿಗೆ ಬರೆಸುವುದು ವಾಡಿಕೆ, ಏಕೆಂದರೆ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಬಾಡಿಗೆ, ಮುಂಗಡ, ವರ್ಷದ ಏರಿಕೆ, ಬಿಡುವ ಮುಂಚೆ ಎಷ್ಟು ದಿನದ ತಿಳಿವಳಿಕೆ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುವುದು, ಇವಿಷ್ಟು ಸ್ಪಷ್ಟವಾಗಿದ್ದರೆ ಸಾಕು. "ಯಾವ ಪೈಕಿ?" ಎಂದು ಜಾತಿ ಕೇಳುವ ಪ್ರಶ್ನೆ ನಮ್ಮ ಊರಿನ ಮನೆ ಮಾಲೀಕರ ಬಾಯಲ್ಲಿ ಇನ್ನೂ ಇದೆ, ಮೊದಲ ವರ್ಷ ನನ್ನ ಬಾಯಲ್ಲೂ ಇತ್ತು. ಬಾಡಿಗೆ ಸರಿಯಾಗಿ ಕೊಡದೆ ಸತಾಯಿಸಿದ ಒಬ್ಬರೇ ಒಬ್ಬರು ನಮ್ಮ ಪೈಕಿಯವರೇ ಆದ ಮೇಲೆ ಅದನ್ನು ಬಿಟ್ಟೆ.

ಭೋಗ್ಯದ ಬಗ್ಗೆ ಎರಡು ಮಾತು ಹೇಳಬೇಕು. ಲೀಸು ಎಂದು ಜನ ಕರೆಯುವ ಈ ಪದ್ಧತಿಯಲ್ಲಿ ಮಾಲೀಕರು ಒಂದು ಇಡಿಗಂಟು ಪಡೆದು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಮನೆ ಕೊಡುತ್ತಾರೆ, ಅವಧಿ ಮುಗಿದಾಗ ಗಂಟನ್ನು ಹಾಗೆಯೇ ಹಿಂತಿರುಗಿಸುತ್ತಾರೆ. ನಮ್ಮ ಸಂಬಂಧಿಕರೊಬ್ಬರು ತಿಂಗಳಿಗೆ 8,000 ಬಾಡಿಗೆ ಬರುವ ಮನೆಯನ್ನು ಆರು ಲಕ್ಷಕ್ಕೆ ಭೋಗ್ಯಕ್ಕೆ ಹಾಕಿ, ಬಡ್ಡಿಯಿಲ್ಲದ ದುಡ್ಡು ಸಿಕ್ಕಿತೆಂದು ಹಿಗ್ಗಿದರು. ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 96,000, ಅಂದರೆ ನೂರಕ್ಕೆ ಹದಿನಾರರ ಬಡ್ಡಿ. ಬ್ಯಾಂಕಿನ ಗೃಹಸಾಲದ ಹೆಚ್ಚುಕಡಿಮೆ ಎರಡರಷ್ಟು. ಇರಲು ಬರುವವರಿಗೂ ಅಪಾಯ ಕಡಿಮೆಯೇನಲ್ಲ. ಭೋಗ್ಯಪತ್ರವನ್ನು ನೋಂದಾಯಿಸದೆ ಬರೀ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ, ಆ ಮನೆ ಅದಾಗಲೇ ಬ್ಯಾಂಕಿಗೆ ಅಡವಾಗಿದ್ದ ಪಕ್ಷದಲ್ಲಿ, ಕೊಟ್ಟ ಗಂಟು ಹಿಂದಕ್ಕೆ ಬರುವುದು ಮಾಲೀಕರ ಒಳ್ಳೆಯತನದ ಮೇಲೆ ನಿಂತಿರುತ್ತದೆ.

ತೆರಿಗೆಯ ವಿಷಯದಲ್ಲಿ ಒಂದು ಸಮಾಧಾನವಿದೆ. ಬಾಡಿಗೆಯಿಂದ ಪಾಲಿಕೆಯ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತನ್ನು ದುರಸ್ತಿಗೆ ಖರ್ಚಾಗಲಿ ಬಿಡಲಿ ಬಿಡುತ್ತಾರೆ; ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಹೀಗೆ ಬಂದ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ ಎಂಬುದನ್ನು ನೋಡಿಕೊಂಡು ಪದ್ಧತಿಯನ್ನು ಆರಿಸಿಕೊಳ್ಳಬೇಕು. ಪಾಲಿಕೆಯ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ ಐದರ ರಿಯಾಯಿತಿ ಸಿಗುತ್ತದೆ.

ಈಗ ಕೆಳಮನೆಗೆ 14,000, ಮೇಲ್ಮನೆಗೆ 12,000 ಬಾಡಿಗೆ ಇದೆ. ಸಾಲದ ಕಂತಿಗೆ ಸಂಬಳದಿಂದ ಈಗಲೂ ದುಡ್ಡು ಸೇರಿಸುತ್ತಿದ್ದೇನೆ. ಮೇಲ್ಮನೆ ಹೋದ ತಿಂಗಳು ಖಾಲಿಯಾಯಿತು. ಭಾನುವಾರ ನೋಡಲು ಬಂದ ನವದಂಪತಿಯಲ್ಲಿ ಆ ಹುಡುಗಿ ನಡುಮನೆ, ಕೋಣೆ ಯಾವುದನ್ನೂ ನೋಡದೆ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಬೆಳಕಿಗೆ ನೋಡಿದಳು. ಆಮೇಲೆ ತಿರುಗಿ, "ಮೀಟರ್ ಬೇರೆ ಐತಾ ಅಂಕಲ್?" ಎಂದು ಕೇಳಿದಳು. ಐತಮ್ಮಾ ಎಂದು ಇಬ್ಬರನ್ನೂ ಕೆಳಗೆ ಕರೆದುಕೊಂಡು ಹೋಗಿ ಸಂಪಿನ ಮುಚ್ಚಳ ತೆಗೆದು ತೋರಿಸಿದೆ.