ಹಾಸ್ಟೆಲಿನ ಹಿಂಬಾಗಿಲು

ಮಡಿಕೇರಿಯ ಹಾಸ್ಟೆಲಿನಲ್ಲಿ ಕಳೆದ ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಹಿಂಬಾಗಿಲು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ, ಅಡುಗೆಮನೆಯ ಹೊಣೆ ಹೊತ್ತಿದ್ದ ಸಿಸ್ಟರ್ ಸಂಜೆ ಅಲ್ಲಿ ಮಣೆ ಹಾಕಿಕೊಂಡು ಕುಳಿತು ನಮಗಾಗಿ ಕಾಯುತ್ತಿದ್ದರು. ತೋಟದ ದಾರಿಯಲ್ಲಿ ನಮ್ಮ ಕಾಲ್ಬೆರಳ ಸಂದಿಗೆ ಕಚ್ಚಿಕೊಂಡ ಜಿಗಣೆಗಳನ್ನು ಉಪ್ಪು ಕಟ್ಟಿದ ಬಟ್ಟೆಯ ಗಂಟಿನಿಂದ ಮುಟ್ಟಿ ಒಂದೊಂದಾಗಿ ಉದುರಿಸಿ, ಬಿಸಿನೀರಿನಲ್ಲಿ ಪಾದ ತೊಳೆದು, ತಮ್ಮ ಮಡಿಲಲ್ಲಿಟ್ಟುಕೊಂಡು ಒರೆಸಿ, "ಹೋಗು ಮಗಳೇ, ಕಾಫಿ ಆರುತ್ತದೆ" ಎಂದು ಕಳುಹಿಸುತ್ತಿದ್ದರು. ತೋಟದ ಕೂಲಿಕಾರರ ಲೈನ್‌ಮನೆಯಿಂದ ಬಂದ ನನ್ನ ಒಡೆದ ಹಿಮ್ಮಡಿಯನ್ನು ಅದಕ್ಕೆ ಮೊದಲು ಯಾರೂ ಹಾಗೆ ಹಿಡಿದಿರಲಿಲ್ಲ.

ಪ್ರಭು ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಪವಿತ್ರ ಗುರುವಾರ ಚರ್ಚಿನಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದನ್ನು ಕಂಡು ಬಂದು, "ನೀವು ಮಾಡುವುದೂ ಇದೇ ಅಲ್ಲವೇ ಸಿಸ್ಟರ್?" ಎಂದು ಕೇಳಿದೆ. ಅವರು ನಾಚಿಕೊಂಡು, "ಅಷ್ಟು ದೊಡ್ಡ ಮಾತು ಆಡಬಾರದು. ಬಾ, ಬೆಳ್ಳುಳ್ಳಿ ಸುಲಿದುಕೊಡು" ಎಂದರು. ಪ್ರಭು ಪಾದ ತೊಳೆಯಬಂದಾಗ ಶಿಷ್ಯ ಪೇತ್ರನು ಮೊದಲು ಬೇಡವೆಂದದ್ದೇಕೆಂದು ನನಗೆ ತಿಳಿದದ್ದು ಎಂಟನೇ ತರಗತಿಯಲ್ಲಿ, ನಾಚಿಕೆಯಿಂದ ನಾನೂ ಕಾಲು ಹಿಂದಕ್ಕೆಳೆದುಕೊಂಡ ದಿನ.

2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದವು. ಮಕ್ಕಂದೂರು, ಜೋಡುಪಾಲ ಕಡೆಯ ಹುಡುಗಿಯರಿಗೆ ಮನೆ ಉಳಿದಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ, ಕರೆಂಟೂ ಇರಲಿಲ್ಲ. ಆ ದಿನಗಳಲ್ಲೇ, ದಕ್ಷಿಣ ಕನ್ನಡದಲ್ಲಿದ್ದ ತಮ್ಮ ತಾಯಿ ತೀರಿಕೊಂಡರೆಂಬ ಸುದ್ದಿ ಸಿಸ್ಟರಿಗೆ ಬಂತು. ಸಂಪಾಜೆಯ ರಸ್ತೆ ಕೊಚ್ಚಿಹೋಗಿದ್ದರಿಂದ ಅವರು ಹೊರಡುವಂತಿರಲಿಲ್ಲ. ಪ್ರಾರ್ಥನಾ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಬ್ಬರೇ ಇದ್ದು, ಮುಖ ತೊಳೆದು ಬಂದು, ಎಂದಿನ ಹೊತ್ತಿಗೇ ಕುಸುಬಲಕ್ಕಿಯ ಗಂಜಿ ಬಡಿಸಿದರು. ಗಂಜಿಗೆ ಉಪ್ಪು ಹಾಕಿರಲಿಲ್ಲ. ಬಾಯಿಬಡುಕಿಯರಾದ ನಾವು ಒಬ್ಬರೂ ಮಾತೆತ್ತದೆ ಉಂಡೆವು.

ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ, ಅಳುತ್ತಿದ್ದ ಚಿಕ್ಕವರಿಗೆ ಅವರು ಹಳೆಯ ಕಥೆಯನ್ನೇ ಮತ್ತೆ ಹೇಳಿದರು: 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಅಲ್ಲಿಂದ ತಪ್ಪಿಸಿಕೊಂಡವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ತನ್ನ ನಾಡಿನಲ್ಲಿ ನೆಲೆ ಕೊಟ್ಟದ್ದು, 1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚು ಎದ್ದದ್ದು. ದಾರಿಯಲ್ಲಿ ಮಕ್ಕಳು ತಾಯಂದಿರನ್ನು ಕಳೆದುಕೊಂಡ ಭಾಗಕ್ಕೆ ಬಂದಾಗ ಅವರ ಧ್ವನಿ ನಿಂತುಹೋಯಿತು. ಜಪಸರವನ್ನು ಬೆರಳಲ್ಲಿ ಸರಿಸುತ್ತ ಕುಳಿತಿದ್ದು, ಆಮೇಲೆ ಮುಂದುವರಿಸಿದರು. ಕಷ್ಟದಿಂದ ತಾಳ್ಮೆ ಹುಟ್ಟುತ್ತದೆಂದು ಸಂತ ಪೌಲರು ರೋಮನರಿಗೆ ಬರೆದದ್ದನ್ನು ನಾನು ಎಲ್ಲಿ ಓದಿದರೂ ನನಗೆ ನೆನಪಾಗುವುದು ಆ ಮೌನ.

ಕಳೆದ ಜುಲೈನಲ್ಲಿ ಕಾನ್ವೆಂಟಿಗೆ ಹೋಗಿ ಅವರನ್ನು ಕಂಡೆ. ಮಂಡಿ ಬಗ್ಗದು, ಕುರ್ಚಿಯೇ ಆಸರೆ. ಕೈ ಹಿಡಿದುಕೊಂಡವರು ನನ್ನ ಮುಖಕ್ಕಿಂತ ಮೊದಲು ಒದ್ದೆಯಾದ ಶೂ ನೋಡಿ, "ಜಿಗಣೆ ಹತ್ತಿಲ್ಲ ತಾನೇ? ಬಿಚ್ಚು ಮಗಳೇ, ನೋಡೋಣ" ಎಂದರು. ನಾನು ಶೂ ಬಿಚ್ಚಿದೆ.