ಸಿಡೀದ ಬಾಂಬ್ ಇರೋ ಕಾಡಲ್ಲಿ ಬೈಕ್ ಓಡಿಸ್ತೀಯಾ, ತಲೆ ಕೆಟ್ಟಿದ್ಯಾ?

ಹೋ ಚಿ ಮಿನ್ ಟ್ರೇಲ್, ಅಂದ್ರೆ ವಿಯೆಟ್ನಾಂ ಯುದ್ಧದ ಕಾಲದ ಸಾಗಾಟದ ಕಾಡುದಾರಿ, ಅಂತ ಬಾಯಿ ಬಿಟ್ರೆ ಸಾಕು, ಎಲ್ರೂ ಕೇಳೋದು ಇದನ್ನೇ. ಲಾವೋಸ್ ಕಾಡಲ್ಲಿ ಇನ್ನೂ ಬಾಂಬ್ ಬಿದ್ದಿದಾವಂತೆ, ಅಲ್ಲಿ ಡರ್ಟ್ ಬೈಕ್ ತಗೊಂಡು ಹೋಗೋದ್ಯಾಕೆ ಅಂತ. ಭಯ ಸುಳ್ಳಲ್ಲ. ಆದ್ರೆ ಊರಿನವರು ದಿನಾ ಓಡಾಡಿ ಸವೆಸಿರೋ ದಾರಿ ಬಿಡದೆ ಇದ್ರೆ ಅಪಾಯ ತುಂಬಾ ಕಮ್ಮಿ, ಪಕ್ಕದ ಪೊದೆಗೆ ನಾಲ್ಕು ಹೆಜ್ಜೆ ಇಟ್ರೆ ಮಾತ್ರ ಯಾರೂ ಗ್ಯಾರಂಟಿ ಕೊಡಲ್ಲ.

ಇದು ಒಂದೇ ರೋಡ್ ಅನ್ಕೋಬೇಡಿ. ದಕ್ಷಿಣ ವಿಯೆಟ್ನಾಮಲ್ಲಿ ಹೋರಾಡ್ತಿದ್ದ ತಮ್ಮವ್ರಿಗೆ ಅಕ್ಕಿ, ಮದ್ದುಗುಂಡು ಕಳ್ಸೋಕೆ ಉತ್ತರ ವಿಯೆಟ್ನಾಮಿನವರು 1959ರಲ್ಲಿ ಶುರು ಮಾಡಿದ್ದು, ಲಾವೋಸಿನ ಪೂರ್ವದ ಬೆಟ್ಟಗಳಲ್ಲಿ ಬಲೆ ಥರ ಹರಡ್ಕೊಳ್ತು, ಒಂದು ದಾರಿಗೆ ಬಾಂಬ್ ಬಿದ್ರೆ ಪಕ್ಕದಲ್ಲೇ ಇನ್ನೊಂದು ಕಡಿಯೋರು. 1964ರಿಂದ 1973ರ ತನಕ, ದಕ್ಷಿಣದವರ ಪರ ಇದ್ದ ಅಮೆರಿಕ ಲಾವೋಸ್ ಮೇಲೆ ಹಾಕಿದ್ದು 20 ಲಕ್ಷ ಟನ್‌ಗೂ ಜಾಸ್ತಿ ಬಾಂಬ್. ಅದ್ರಲ್ಲಿ ಕ್ಲಸ್ಟರ್ ಬಾಂಬ್ ಒಳಗಿನ ಸಣ್ಣ ಬಾಂಬ್‌ಗಳೇ ಸುಮಾರು 27 ಕೋಟಿ, ನೂರಕ್ಕೆ 30ರಷ್ಟು ಸಿಡೀಲೇ ಇಲ್ಲ ಅಂತ ಅಂದಾಜು. ಟೆನಿಸ್ ಬಾಲ್ ಸೈಜಿಂದು, ತುಕ್ಕು ಹಿಡಿದು ಮಣ್ಣಿನ ಬಣ್ಣಕ್ಕೇ ತಿರುಗಿರತ್ತೆ, ಆಟದ ಸಾಮಾನು ಅನ್ಕೊಂಡು ಎತ್ಕೊಂಡ ಮಕ್ಕಳು ಎಷ್ಟೋ ಜನ ಸತ್ತಿದಾರೆ. ಇದನ್ನ ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ ನನಗೆ.

ಹಾಗಾಗಿ ಮೂತ್ರಕ್ಕೆ ಹೋಗೋದಾದ್ರೂ ದಾರಿ ಮೇಲೇ, ನಾಚಿಕೆ ಪಕ್ಕಕ್ಕಿಡಿ. ಕಂಡ ಕಂಡ ಕಡೆ ಬೆಂಕಿ ಹಾಕ್ಬೇಡಿ, ಕೆಳಗೆ ಹೂತಿರೋದು ಬಿಸಿಗೆ ಸಿಡೀಬಹುದು. ಕಬ್ಬಿಣದ ತುಂಡು ಏನೇ ಕಂಡ್ರೂ ಕಾಲಲ್ಲೂ ಒದೀಬೇಡಿ. ಆ ಊರಿನ ಗೈಡ್ ಜೊತೇಲಿರ್ಲೇಬೇಕು, ಯಾವ ಕವಲು ಈಗ ಬಳಕೇಲಿದೆ ಅನ್ನೋದು ಮ್ಯಾಪಲ್ಲಿ ಸಿಗಲ್ಲ.

ಇಷ್ಟೆಲ್ಲಾ ಇದ್ರೂ ಯಾಕೆ ಹೋಗ್ಬೇಕು ಅಂದ್ರೆ ಆ ರೋಡ್ ಕಟ್ಟಿರೋ ರೀತಿ ನೋಡೋಕೆ. ಕೆಲವು ಕಡೆ ಲಾರಿ ಹೂತ್ಹೋಗ್ಬಾರ್ದು ಅಂತ ಕೈಯಲ್ಲೇ ಜೋಡಿಸಿದ ಕಲ್ಲುಗಳು ಇನ್ನೂ ಹಾಗೇ ಇವೆ, ಪಾಚಿ ಕಟ್ಟಿ ಸೋಪ್ ಹಚ್ಚಿದಂಗೆ ಜಾರತ್ತೆ, ಟೈರ್ ಗಾಳಿ ಸ್ವಲ್ಪ ಇಳ್ಸಿ, ಫುಟ್‌ರೆಸ್ಟ್ ಮೇಲೆ ನಿಂತು, ಬ್ರೇಕ್ ಮುಟ್ಟದೆ ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಬಿಟ್ರೆ ಒಂದೊಂದು ಕಲ್ಲಿನ ಏರು ತಗ್ಗೂ ಹ್ಯಾಂಡಲ್ಲಲ್ಲಿ ಗೊತ್ತಾಗತ್ತೆ. ಹೊಳೆ ದಾಟೋಕೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಕಲ್ಲು ಪೇರಿಸಿ ಸೇತುವೆ ಮಾಡ್ತಿದ್ರು, ಮೇಲಿಂದ ವಿಮಾನಕ್ಕೆ ಬರೀ ನೀರು ಕಾಣ್ಬೇಕು ಅಂತ. ಆ ತಲೆಗೆ ಕೈ ಮುಗೀಬೇಕು. ಈಗ ದೊಡ್ಡ ಹೊಳೆಗಳಲ್ಲಿ ದೋಣಿ ಮೇಲೆ ಹಲಗೆ ಹಾಕಿ ಬೈಕ್ ದಾಟಿಸ್ತಾರೆ, ಸಣ್ಣವನ್ನ ಮೊದ್ಲು ನಡೆದು ನೋಡಿ ಆಮೇಲೆ ಬೈಕ್ ಇಳ್ಸಿ.

ಲಾವೋಸಿನ 9ನೇ ನಂಬರ್ ಹೆದ್ದಾರಿ ಪಕ್ಕದ ಬಾನ್ ಡಾಂಗ್ ಅನ್ನೋ ಊರಲ್ಲಿ, 1971ರಲ್ಲಿ ಇದೇ ಯುದ್ಧದಲ್ಲಿ ಅಲ್ಲಿ ನಡೆದ ಕಾಳಗದ ಟ್ಯಾಂಕ್‌ಗಳನ್ನ ಇಟ್ಟಿದಾರೆ, ಅಲ್ಲಿಗೆ ಟಾರ್ ರೋಡೇ ಇದೆ, ಕಾಡಿಗೆ ಇಳಿಯೋಕೆ ಮನಸ್ಸಿಲ್ದವ್ರು ಅದನ್ನಾದ್ರೂ ನೋಡಿ.

ಮಳೆಗಾಲದಲ್ಲಂತೂ ಬೇಡ. ಒದ್ದೆ ಜೇಡಿಮಣ್ಣು ಮಡ್‌ಗಾರ್ಡ್ ಒಳಗೆ ತುಂಬ್ಕೊಂಡ್ರೆ ಚಕ್ರಾನೇ ತಿರುಗಲ್ಲ. ಈ ಕೆಸರಿನ ಶಕ್ತಿ ಗೊತ್ತಿದ್ದೇ 1967ರಿಂದ 1972ರ ತನಕ ಅಮೆರಿಕದವರು ಗುಟ್ಟಾಗಿ ಮೋಡ ಬಿತ್ತನೆ ಮಾಡಿ ಇಲ್ಲಿನ ಮಳೆಗಾಲಾನೇ ಉದ್ದ ಮಾಡೋಕೆ ನೋಡಿದ್ರು, ಲಾರಿಗಳು ಸಿಕ್ಕಾಕ್ಕೊಳ್ಲಿ ಅಂತ. ನವೆಂಬರ್ ಕಳೀಲಿ, ದಾರಿ ಒಣಗ್ಲಿ, ಆಮೇಲೆ ಹೊರಡಿ.